ಟ್ಯಾಬ್‌ನಲ್ಲಿ ಟಿಪ್ಪಣಿ: ಒಂದೇ ಪುಟಕ್ಕೆ ಮರಳಿ ಬರುವ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಅನೇಕರು ಈಗ ನೋಟ್‌ಬುಕ್ಕಿನ ಜೊತೆಗೆ ಟ್ಯಾಬ್ ಕೂಡ ಇಟ್ಟುಕೊಂಡಿರುತ್ತಾರೆ. ತರಗತಿಯ ಸ್ಲೈಡುಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಗೆಳೆಯರು ಕಳುಹಿಸಿದ ಪಿಡಿಎಫ್‌ಗಳು ಎಲ್ಲವೂ ಅದರೊಳಗೆ ಬಂದು ಸೇರುತ್ತವೆ, ಸೇರಿದ್ದೆಲ್ಲ ಟಿಪ್ಪಣಿಯಾಗುವುದಿಲ್ಲ. ಬರೆದ ಪುಟವನ್ನು ತಿಂಗಳುಗಳ ನಂತರವೂ ತೆರೆದು, ಸಾಲುಗಳ ನಡುವೆ ಜಾಗ ಮಾಡಿ, ಹೊಸದನ್ನು ಸೇರಿಸಿ ಬೆಳೆಸಲು ಸಾಧ್ಯವಾಗುವುದೇ ಟ್ಯಾಬ್‌ನ ದೊಡ್ಡ ಅನುಕೂಲವೆಂದು ನಾನು ಭಾವಿಸುತ್ತೇನೆ.

ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪುಟದ ಎಡಕ್ಕೆ ಸುಮಾರು ಮೂರನೇ ಒಂದು ಭಾಗವನ್ನು ಖಾಲಿ ಬಿಟ್ಟು ಗೆರೆ ಎಳೆಯಿರಿ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿ. ಮೊದಲ ಓದಿನಲ್ಲಿ ಬಲಭಾಗಕ್ಕೆ ಬರಬೇಕಾದದ್ದು ಸ್ವಲ್ಪವೇ: 2012ರ 98ನೇ ತಿದ್ದುಪಡಿ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಜಿಲ್ಲೆಗಳು, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಸ್ಥಳೀಯರಿಗೆ ಮೀಸಲಾತಿ. ಮುಂದಿನ ಓದಿನಲ್ಲಿ, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದದ್ದು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟು ಜಿಲ್ಲೆಗಳು ಏಳಾದದ್ದು ಸೇರಬೇಕಾಗುತ್ತದೆ. ಕಾಗದದ ಮೇಲಾದರೆ ಇವು ಅಂಚಿನಲ್ಲಿ ಇರುಕಿಕೊಳ್ಳುತ್ತವೆ. ಟ್ಯಾಬ್‌ನಲ್ಲಿ ಕೆಳಗಿನ ಸಾಲುಗಳನ್ನು ಸ್ಟೈಲಸ್‌ನಿಂದ ಸುತ್ತುಗಟ್ಟಿ ಆಯ್ದು ಕೆಳಕ್ಕೆ ಸರಿಸಿದರೆ ಸಾಕು, ಸರಿಯಾದ ಸ್ಥಳದಲ್ಲಿಯೇ ಜಾಗ ಸಿಗುತ್ತದೆ. ಆದರೆ ಹಳೆಯ ‘ಆರು’ ಎಂಬುದನ್ನು ಅಳಿಸಬಾರದು. ಅದರ ಪಕ್ಕದಲ್ಲಿ ಬೇರೆ ಬಣ್ಣದಿಂದ ‘ಏಳು, 2021’ ಎಂದು ಬರೆದರೆ ಬದಲಾವಣೆಯ ಇತಿಹಾಸವೂ ಪುಟದಲ್ಲಿ ಉಳಿಯುತ್ತದೆ, ಮತ್ತು ಪರೀಕ್ಷೆಗಳು ಕೇಳುವುದು ಬಹುಮಟ್ಟಿಗೆ ಆ ಬದಲಾವಣೆಯನ್ನೇ.

ಎಡಭಾಗವನ್ನು ಅದೇ ದಿನ ಸಂಜೆ ಪ್ರಶ್ನೆಗಳಿಂದ ತುಂಬಬೇಕು. ‘371ಜೆ ಎಂದರೇನು?’ ಎಂಬಂಥ ಸಡಿಲ ಪ್ರಶ್ನೆಯಿಂದ ಪ್ರಯೋಜನವಿಲ್ಲ. ‘ಈ ಆರು ಜಿಲ್ಲೆಗಳಲ್ಲಿ ನಿಜಾಮರ ಸಂಸ್ಥಾನಕ್ಕೆ ಸೇರದೆ, 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಜಿಲ್ಲೆ ಯಾವುದು?’ ಎಂದು ಬರೆದುಕೊಂಡರೆ, ಬಳ್ಳಾರಿ ಎಂಬ ಉತ್ತರದ ಜೊತೆಗೆ ಆ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ ಸಂದರ್ಭವೂ ನೆನಪಿಗೆ ಬರುತ್ತದೆ. ವಾರದ ನಂತರ ಬಲಭಾಗದ ಮೇಲೆ ಬಣ್ಣ ತುಂಬಿದ ಒಂದು ಚೌಕವನ್ನು ಇಟ್ಟು ಮುಚ್ಚಿ, ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರಿಸಿ, ಆಮೇಲೆ ಚೌಕವನ್ನು ಸರಿಸಿ ನೋಡಬೇಕು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವ ಅಭ್ಯಾಸವೇ ಹೆಚ್ಚು ಕಾಲ ಉಳಿಯುತ್ತದೆಂಬುದು ಕಲಿಕೆಯ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಟೈಪ್ ಮಾಡಬೇಕೇ, ಕೈಯಿಂದ ಬರೆಯಬೇಕೇ ಎಂಬ ಪ್ರಶ್ನೆಯೂ ಇದೆ. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವವರು ಉಪನ್ಯಾಸವನ್ನು ಹೆಚ್ಚು ಪದಶಃ ದಾಖಲಿಸುತ್ತಾರೆ, ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಎಂದು 2014ರ ಒಂದು ಅಧ್ಯಯನ ಹೇಳಿತು. ಅದನ್ನು ಪುನರಾವರ್ತಿಸಿದ ನಂತರದ ಅಧ್ಯಯನಗಳಲ್ಲಿ ಅಂಕಗಳ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಕಿರಿದಾಗಿಸುವವರಿಗೆ ಎರಡೂ ಸರಿಯೇ. ನಕ್ಷೆಯ ವಿಷಯದಲ್ಲಿ ಮಾತ್ರ ನನಗೆ ಸಂದೇಹವಿಲ್ಲ, ಅದನ್ನು ಕೈಯಿಂದಲೇ ಬಿಡಿಸಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು ದೋಆಬ್ ಎಂದು ಎಳೆದು, ಅಶೋಕನ ಶಾಸನಗಳಿರುವ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳಗಳನ್ನು ಗುರುತಿಸಿದವರಿಗೆ ಈ ನಾಡಿಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ನಡೆದ 1520ರ ರಾಯಚೂರು ಯುದ್ಧ ಏಕೆ ನಡೆಯಿತೆಂಬುದೂ ಅರ್ಧ ಅರ್ಥವಾಗಿರುತ್ತದೆ. ಲೇಯರ್ (ಒಂದರ ಮೇಲೊಂದು ಪದರ) ಸೌಲಭ್ಯವಿರುವ ಆ್ಯಪ್‌ನಲ್ಲಿ ನದಿಗಳನ್ನು ಒಂದರಲ್ಲಿ, ಶಾಸನಗಳನ್ನು ಇನ್ನೊಂದರಲ್ಲಿ ಇಟ್ಟರೆ ಅದೇ ನಕ್ಷೆ ಪ್ರಾಚೀನ ಇತಿಹಾಸಕ್ಕೂ ನೀರಾವರಿಗೂ ಒದಗುತ್ತದೆ.

ಕನ್ನಡದಲ್ಲಿ ಬರೆಯುವವರು ಗೆರೆಗಳ ಅಂತರವನ್ನು ಹೆಚ್ಚಿಸಿಕೊಳ್ಳಬೇಕು. ‘ರಾಷ್ಟ್ರ’ದಂಥ ಪದದ ಒತ್ತಕ್ಷರಗಳು ಇಕ್ಕಟ್ಟಾದ ಗೆರೆಯಲ್ಲಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಹುಡುಕಾಟದ ತೊಡಕು ಇನ್ನೂ ದೊಡ್ಡದು: ಹಲವು ಆ್ಯಪ್‌ಗಳು ಇಂಗ್ಲಿಷ್ ಕೈಬರಹವನ್ನು ಹುಡುಕಿಕೊಡುವಂತೆ ಕನ್ನಡ ಕೈಬರಹವನ್ನು ಹುಡುಕಿಕೊಡುವುದಿಲ್ಲ. ಆದ್ದರಿಂದ ಪ್ರತಿ ಪುಟದ ಶೀರ್ಷಿಕೆಯನ್ನೂ ಎರಡು ಮೂರು ಮುಖ್ಯ ಪದಗಳನ್ನೂ ಯೂನಿಕೋಡ್ ಕೀಲಿಮಣೆಯಿಂದ ಟೈಪ್ ಮಾಡಿಡಬೇಕು. ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ತಯಾರಾದ ಪಿಡಿಎಫ್‌ಗಳು ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಅವುಗಳಲ್ಲಿ ‘ತುಂಗಭದ್ರಾ’ ಎಂದು ಹುಡುಕಿದರೆ ಏನೂ ಸಿಗದು, ನಕಲಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಅಂಥ ಕಡತದ ಹೆಸರನ್ನಾದರೂ ವಿಷಯ ಮತ್ತು ವರ್ಷ ತಿಳಿಯುವಂತೆ ಕನ್ನಡದಲ್ಲಿ ಬದಲಿಸಿಕೊಳ್ಳಿ.

ಬೇಸಿಗೆಯ ಬಗ್ಗೆ ಒಂದು ಮಾತು. ಐಪ್ಯಾಡ್ ಬಳಕೆಗೆ ತಯಾರಕರು ಸೂಚಿಸುವ ಗರಿಷ್ಠ ತಾಪಮಾನ 35 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳು 40 ದಾಟುತ್ತವೆ. ಕಿಟಕಿಯ ಬಿಸಿಲಿನಲ್ಲಿ ಚಾರ್ಜ್ ಹಾಕಿ ಬರೆಯಬಾರದು, ಬರಹದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಲೇಸು. ವಾರಕ್ಕೊಮ್ಮೆ ಎಲ್ಲ ಪುಟಗಳನ್ನೂ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ಗೆ ಅಥವಾ ಮೊಬೈಲ್‌ಗೆ ಹಾಕಿಟ್ಟರೆ, ಟ್ಯಾಬ್ ಕೆಟ್ಟ ದಿನವೂ ಓದು ನಿಲ್ಲುವುದಿಲ್ಲ.