ಆರ್ತೂರ್ಸ್ ಇರ್ಬೆ: ಮೂರು 3–2 ಪಂದ್ಯಗಳ ಮೂಲಕ ಒಬ್ಬ ಗೋಲ್‌ಕೀಪರ್‌ನ ಓದು

ಐಸ್ ಹಾಕಿಯ ಇತಿಹಾಸ ಓದುವವರು ಸಾಮಾನ್ಯವಾಗಿ ಗೋಲು ಹೊಡೆದವರ ಹೆಸರುಗಳಿಂದ ಆರಂಭಿಸುತ್ತಾರೆ. ಲಾಟ್ವಿಯಾದ ವಿಷಯದಲ್ಲಿ ಮಾತ್ರ ಗೋಲು ತಡೆದವರಿಂದಲೇ ಆರಂಭಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆರ್ತೂರ್ಸ್ ಇರ್ಬೆ 1967ರ ಫೆಬ್ರವರಿ 2ರಂದು ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಹುಟ್ಟಿದರು. ಮೊದಲ ಹೆಸರಿನ ಕೊನೆಯ 'ಸ್' ಲಾಟ್ವಿಯನ್ ಭಾಷೆಯಲ್ಲಿ ಪುಲ್ಲಿಂಗದ ಪ್ರಥಮಾ ವಿಭಕ್ತಿ ಪ್ರತ್ಯಯ. ಆದ್ದರಿಂದ ಅದನ್ನು ನುಂಗಬೇಡಿ. 'ಇರ್ಬೆ' ಎಂದರೆ ಆ ಭಾಷೆಯಲ್ಲಿ ಕೌಜುಗ ಹಕ್ಕಿ.

ಹಿನ್ನೆಲೆ ಇಷ್ಟು. ಲಾಟ್ವಿಯಾ ಆಗ ಸೋವಿಯತ್ ಒಕ್ಕೂಟದ ಭಾಗ; ಅಲ್ಲಿಂದ ಬಿಡುಗಡೆ ಬಯಸುತ್ತಿತ್ತು. ರೀಗಾದ ದಿನಾಮೊ ತಂಡ 1988ರಲ್ಲಿ ಸೋವಿಯತ್ ಲೀಗ್‌ನ ಫೈನಲ್ ತಲುಪಿ, ಮಾಸ್ಕೋದ ಸಿಎಸ್‌ಕೆಎ ಎದುರು ಸೋತಿತು. ಆ ತಂಡದ ಗೋಲಿನಲ್ಲಿ ಯುವಕ ಇರ್ಬೆ ನಿಂತಿದ್ದರು. 1989 ಮತ್ತು 1990ರಲ್ಲಿ ವಿಶ್ವ ಚಾಂಪಿಯನ್ ಆದ ಸೋವಿಯತ್ ತಂಡದಲ್ಲೂ ಅವರಿದ್ದರು; 1990ರ ಕೂಟದಲ್ಲಿ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡರು. ಮರುವರ್ಷ ಜನವರಿಯಲ್ಲಿ ಸೋವಿಯತ್ ಪಡೆಗಳು ಸರ್ಕಾರಿ ಕಟ್ಟಡಗಳನ್ನು ವಶಪಡಿಸಿಕೊಳ್ಳಬಹುದೆಂಬ ಭೀತಿಯಲ್ಲಿ ರೀಗಾದ ಜನ ಬೀದಿಗಳಿಗೆ ಲಾರಿ, ಟ್ರಾಕ್ಟರ್, ಕಾಂಕ್ರೀಟ್ ಅಡ್ಡ ಇಟ್ಟು ಕಾವಲು ಕುಳಿತರು. ಆ ಜನರ ನಡುವೆ ಇರ್ಬೆ ಕೂಡ ಇದ್ದರು. ಆ ಬಳಿಕ ಸೋವಿಯತ್ ಅಂಗಿ ತೊಡಲು ಅವರು ನಿರಾಕರಿಸಿದರು. ಆಗಿನ್ನೂ ಅವರಿಗೆ 24 ವರ್ಷ; ಜಗತ್ತಿನ ಅತ್ಯಂತ ಬಲಿಷ್ಠ ತಂಡದಲ್ಲಿ ಸ್ಥಾನ ಭದ್ರವಾಗಿತ್ತು. ಅವರ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ತಡೆ ನನಗೆ ಬೇರೆ ಕಾಣುವುದಿಲ್ಲ.

ಮೊದಲ 3–2, ಡೆಟ್ರಾಯ್ಟ್, 1994. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ಗೆ ಬಂದ ಇರ್ಬೆ ಸೇರಿದ್ದು ಸ್ಯಾನ್ ಹೋಸೆ ಶಾರ್ಕ್ಸ್ ಎಂಬ ಹೊಸ ತಂಡವನ್ನು. 1992–93ರಲ್ಲಿ ಆ ತಂಡ 71 ಪಂದ್ಯ ಸೋತು 24 ಅಂಕ ಗಳಿಸಿತ್ತು. ಮರುವರ್ಷ ಅದು 82 ಅಂಕಕ್ಕೆ ಏರಿತು. ಆ ಋತುವಿನ 84 ಪಂದ್ಯಗಳಲ್ಲಿ 74ರಲ್ಲಿ ಇರ್ಬೆಯೇ ಆಡಿದರು. ಅಂಕಣದಲ್ಲಿ ಕಳೆದ 4,412 ನಿಮಿಷ ಆಗಿನ ಲೀಗ್ ದಾಖಲೆ.

ಗೋಲ್‌ಕೀಪರ್‌ನ ಸರಾಸರಿ ಲೆಕ್ಕ ಹಾಕುವುದನ್ನು ಇಲ್ಲಿಯೇ ಕಲಿತುಬಿಡಿ. ಬಿಟ್ಟುಕೊಟ್ಟ ಗೋಲುಗಳನ್ನು 60ರಿಂದ ಗುಣಿಸಿ, ಆಡಿದ ನಿಮಿಷಗಳಿಂದ ಭಾಗಿಸಬೇಕು. 60 ಏಕೆಂದರೆ, ಪಂದ್ಯದಲ್ಲಿ 20 ನಿಮಿಷದ ಮೂರು ಅವಧಿಗಳಿರುತ್ತವೆ. ಇರ್ಬೆ ಬಿಟ್ಟದ್ದು 209 ಗೋಲು: 209 × 60 ÷ 4,412 = 2.84. ಸಂಖ್ಯೆ ಸಾಧಾರಣವೆಂದು ಕಂಡರೆ, ಹಿಂದಿನ ವರ್ಷ ಆ ತಂಡದ ಸ್ಥಿತಿ ಏನಾಗಿತ್ತೆಂದು ಮತ್ತೊಮ್ಮೆ ನೋಡಿ.

ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ತಮ್ಮ ವಿಭಾಗದಲ್ಲಿ ಅಗ್ರಸ್ಥಾನದಲ್ಲಿದ್ದ ಡೆಟ್ರಾಯ್ಟ್ ರೆಡ್ ವಿಂಗ್ಸ್. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ; ಅದು ಏಳನೆಯ ಪಂದ್ಯದವರೆಗೆ ಎಳೆಯಿತು. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊರಗಟ್ಟಲು ಡೆಟ್ರಾಯ್ಟ್‌ನ ಗೋಲ್‌ಕೀಪರ್ ಕ್ರಿಸ್ ಆಸ್‌ಗುಡ್ ಬಲೆ ಬಿಟ್ಟು ಮುಂದೆ ಬಂದಾಗ ಅದು ಜೇಮಿ ಬೇಕರ್ ಕೈಸೇರಿ, ಖಾಲಿ ಬಲೆಗೆ ಬಿತ್ತು. ಉಳಿದ ನಿಮಿಷಗಳನ್ನು ಇರ್ಬೆ ಕಾದರು. ಅದೇ ಬೇಸಿಗೆಯಲ್ಲಿ ನಾಯಿ ಕಡಿದು ಅವರ ಕೈಗೆ ತೀವ್ರ ಗಾಯವಾಯಿತು. ಮುಂದೆ ಡಲ್ಲಾಸ್, ವ್ಯಾಂಕೂವರ್‌ಗಳಲ್ಲಿ ಒಂದೊಂದು ಋತು ಆಡಿ, 1998ರಲ್ಲಿ ಕ್ಯಾರೊಲಿನಾ ಹರಿಕೇನ್ಸ್ ಸೇರಿದ ಮೇಲೆ ಮತ್ತೆ ನೆಲೆ ಕಂಡರು.

ಎರಡನೆಯ 3–2, ಸೇಂಟ್ ಪೀಟರ್ಸ್‌ಬರ್ಗ್, 2000. ಸ್ವತಂತ್ರ ಲಾಟ್ವಿಯಾ 1993ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕೆಳಗಿನ 'ಸಿ' ಗುಂಪಿನಿಂದ ಆಟ ಆರಂಭಿಸಬೇಕಾಯಿತು. ಅಗ್ರ ಗುಂಪು ಸೇರುವಾಗ 1997. ಇನ್ನು ಮೂರು ವರ್ಷಕ್ಕೆ, ಪಾವೆಲ್ ಬೂರೆಯಂತಹ ತಾರೆಗಳಿದ್ದ ಆತಿಥೇಯ ರಷ್ಯಾವನ್ನು ಅವರ ನೆಲದಲ್ಲೇ ಸೋಲಿಸಿತು. ಬಲೆಯ ಮುಂದೆ ಇರ್ಬೆ ಇದ್ದರು. ರಷ್ಯಾ 11ನೆಯ ಸ್ಥಾನಕ್ಕೆ ಇಳಿಯಿತು. 1991ರ ಜನವರಿಯನ್ನು ನೆನಪಿನಲ್ಲಿಟ್ಟು ಈ ಪಂದ್ಯವನ್ನು ಓದಿ. ರೀಗಾದ ಜನ ಅದನ್ನು ಓದಿದ್ದು ಹಾಗೆಯೇ.

ಮೂರನೆಯದು ಸೋಲು. ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ 2002ರ ಫೈನಲ್, ಜೂನ್ 8, ರಾಲಿ ನಗರ. ಎದುರಾಳಿ ಮತ್ತೆ ಡೆಟ್ರಾಯ್ಟ್. ಸರಣಿ 1–1ರಲ್ಲಿತ್ತು. ಮೂರನೆಯ ಪಂದ್ಯದಲ್ಲಿ ಕ್ಯಾರೊಲಿನಾ ಗೆಲುವಿನ ಹೊಸ್ತಿಲಲ್ಲಿದ್ದಾಗ, 1 ನಿಮಿಷ 14 ಸೆಕೆಂಡು ಬಾಕಿ ಇರುವಂತೆ ಬ್ರೆಟ್ ಹಲ್ ಸಮ ಮಾಡಿದರು. ಪ್ಲೇಆಫ್‌ನಲ್ಲಿ ಗೋಲು ಬೀಳುವ ತನಕ ಪಂದ್ಯ ಮುಗಿಯುವುದಿಲ್ಲ. 54 ನಿಮಿಷ 47 ಸೆಕೆಂಡುಗಳ ಹೆಚ್ಚುವರಿ ಆಟದ ಬಳಿಕ ಆ ಗೋಲು ಹೊಡೆದದ್ದು 41 ವರ್ಷದ ಇಗೋರ್ ಲರಿಯೊನೊವ್. 1994ರಲ್ಲಿ ಇದೇ ಡೆಟ್ರಾಯ್ಟ್ ಅನ್ನು ಮಣಿಸಿದ ಶಾರ್ಕ್ಸ್ ತಂಡದಲ್ಲಿ ಇರ್ಬೆಯ ಜೊತೆಗಾರ. ಸರಣಿ 4–1ರಲ್ಲಿ ಕೈತಪ್ಪಿತು. ಆ ಪ್ಲೇಆಫ್‌ನಲ್ಲಿ ಇರ್ಬೆಯ ಸರಾಸರಿ 1.67. ಕಪ್ ಸೋತವರ ಲೆಕ್ಕವೆಂದು ಅದನ್ನು ಬಿಟ್ಟುಬಿಡಬೇಡಿ.

ಎನ್‌ಎಚ್‌ಎಲ್‌ನಲ್ಲಿ ಒಟ್ಟು 568 ಪಂದ್ಯ, 218 ಗೆಲುವು. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಲಾಟ್ವಿಯಾದ ಧ್ವಜ ಹಿಡಿದು ನಡೆದವರು ಇರ್ಬೆ. ಅದಾದ ಕೆಲವೇ ದಿನಗಳಲ್ಲಿ ಅಮೆರಿಕದ ಎದುರು ಬಲೆ ಕಾದರು, 39ನೆಯ ವಯಸ್ಸಿನಲ್ಲಿ. ಪಂದ್ಯ 3–3ರಲ್ಲಿ ಸಮನಾಯಿತು.