ಎಳೆ ಪಾಕ ಎಂಬ ಅಳತೆಗೋಲು

ಕಜ್ಜಾಯ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡರೆ ದೃಷ್ಟಿ ತಾಕಿತು ಅನ್ನುತ್ತಾರೆ. ರವೆ ಉಂಡೆ ಕಲ್ಲಾದರೆ ಮಾಡಿದವರ ಕೈಗುಣ ಸರಿಯಿಲ್ಲ ಅನ್ನುತ್ತಾರೆ. ಇಂಥ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಏಕೆಂದರೆ ಪಾಕ ಎಲ್ಲಿ ಕೆಟ್ಟಿತು ಎಂದು ಹೇಳಬಲ್ಲ ಕರಾರುವಾಕ್ಕಾದ ಅಳತೆಗೋಲನ್ನು ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ. ಅಂಟು ಪಾಕ, ಒಂದೆಳೆ ಪಾಕ, ಉಂಡೆ ಪಾಕ, ಗಟ್ಟಿ ಪಾಕ: ಇವು ಅಂದಾಜಿನ ಮಾತುಗಳಲ್ಲ. ಇಂತಿಷ್ಟು ಸಕ್ಕರೆಗೆ ಇಂತಿಷ್ಟೇ ನೀರು ಉಳಿದಿದೆ ಎಂದು ಇವು ಒಂದೊಂದೂ ಹೇಳುತ್ತವೆ.

ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು ಹಾಕಿ ಒಲೆಗಿಟ್ಟಿದ್ದೀರಿ ಅಂದುಕೊಳ್ಳಿ. ಆಗ ಸಕ್ಕರೆಯ ಒಂದು ಅಣುವಿಗೆ ನೀರಿನ ಸುಮಾರು 19 ಅಣುಗಳಿರುತ್ತವೆ. ಸಕ್ಕರೆಯ ಪ್ರತಿ ಅಣುವಿನಲ್ಲೂ ನೀರನ್ನು ಹಿಡಿದುಕೊಳ್ಳುವ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರು ಹೇರಳವಾಗಿರುವ ತನಕ ಸಕ್ಕರೆಯ ಅಣುಗಳು ಒಂದಕ್ಕೊಂದು ತಾಕದೆ ಓಡಾಡುತ್ತವೆ, ಪಾಕ ಬೆರಳಿನಿಂದ ತೊಟ್ಟಿಕ್ಕುತ್ತದೆ. ಕುದಿಯುತ್ತ ಹೋದಂತೆ ನೀರು ಆವಿಯಾಗಿ, ಸಕ್ಕರೆಯ ಅಣುಗಳು ಪರಸ್ಪರ ಹಿಡಿದುಕೊಳ್ಳತೊಡಗುತ್ತವೆ. ಹೆಬ್ಬೆರಳು, ತೋರುಬೆರಳಿನ ನಡುವೆ ಏಳುವ ಎಳೆ ಅಂದರೆ ಈ ಹಿಡಿತವೇ. ಉಂಡೆ ಪಾಕಕ್ಕೆ ಬಂದಾಗ ಸಕ್ಕರೆ ಸುಮಾರು ಶೇ 85. ಅಲ್ಲಿ ಸಕ್ಕರೆಯ ಒಂದು ಅಣುವಿಗೆ ನೀರಿನ ಮೂರೋ ನಾಲ್ಕೋ ಅಣು ಮಾತ್ರ. ಚಿಕ್ಕಿಯ ಗಟ್ಟಿ ಪಾಕದಲ್ಲಂತೂ ಸಕ್ಕರೆ ಶೇ 99ರ ಹತ್ತಿರ, ಅಂದರೆ ಸಕ್ಕರೆಯ ಐದು ಅಣುಗಳ ನಡುವೆ ನೀರಿನ ಒಂದೇ ಅಣು. ತಟ್ಟೆಗೆ ಹಾಕಿದರೆ ಅದು ಟಣ್ ಅನ್ನುವುದು ಸಹಜ, ಏಕೆಂದರೆ ಅದು ಗಾಜಾಗಿರುತ್ತದೆ.

ಎಳೆ ಬಂತು ಅನ್ನುವಷ್ಟರಲ್ಲಿ ಪಾಕ ಏರಿಬಿಡುವುದೇಕೆ? ಅದೇ ಒಂದು ಕಿಲೋ ಸಕ್ಕರೆಯ ಲೆಕ್ಕ ನೋಡಿ. ಪಾಕದಲ್ಲಿ ಸಕ್ಕರೆಯ ಪಾಲು ಶೇ 50ರಿಂದ 80ಕ್ಕೆ ಏರಲು 750 ಗ್ರಾಂ ನೀರು ಹೋಗಬೇಕು. ಶೇ 80ರಿಂದ 85ಕ್ಕೆ ಬರೀ 74 ಗ್ರಾಂ ಸಾಕು. ಮೊದಲ ಹಂತಕ್ಕೆ ಹಿಡಿದ ಹೊತ್ತಿನ ಹತ್ತನೆಯ ಒಂದು ಭಾಗದಲ್ಲೇ ಎರಡನೆಯದು ಮುಗಿಯುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆಗೆಯಲು ಎದ್ದು ಹೋದರೆ ರವೆ ಉಂಡೆ ಕಲ್ಲಾಗದೆ ಇನ್ನೇನು? ಇದರಲ್ಲಿ ಯಾರ ಕಣ್ಣೂ ಬಿದ್ದಿಲ್ಲ.

ಈ ಅಳತೆ ಹೊಸದೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿಯ ಕೆಲಸ ಹೇಳುವಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಕಬ್ಬಿನ ಹಾಲಿನಿಂದ ಆಗುವ ಪದಾರ್ಥಗಳ ಪಟ್ಟಿಯಿದೆ. ಫ್ಯಾರನ್‌ಹೀಟ್ ಪಾದರಸದ ಥರ್ಮಾಮೀಟರ್ ಮಾಡಿದ್ದು 1714ರಲ್ಲಿ. ಅದಕ್ಕೂ ಎಷ್ಟೋ ಶತಮಾನ ಮೊದಲೇ ಪಾಕವನ್ನು ಹಂತಹಂತವಾಗಿ ಗುರುತಿಸುವವರು ಇದ್ದರು. ಇವತ್ತಿಗೂ ಮಲೆನಾಡಿನ ಆಲೆಮನೆಗೆ ಹೋದರೆ ಕಾಣಬಹುದು: ಕೊಪ್ಪರಿಗೆಯ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಬೇಗ ಇಳಿಸಿದರೆ ಜೋನಿ ಬೆಲ್ಲ, ಇನ್ನಷ್ಟು ಕಾಯಿಸಿದರೆ ಅಚ್ಚು ಬೆಲ್ಲ. ತಣ್ಣೀರು ಇಲ್ಲಿ ದೊಡ್ಡ ಉಪಾಯ. ಎಂಥದೇ ಒಲೆಯಿರಲಿ, ಹನಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ತಾಪಕ್ಕೆ ಇಳಿದು ಪರೀಕ್ಷೆಗೆ ಒಳಗಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಬೇರೆ. ಪಾಕಪುಸ್ತಕಗಳು ಮೆತ್ತನೆಯ ಉಂಡೆ ಪಾಕಕ್ಕೆ 112ರಿಂದ 116 ಡಿಗ್ರಿ ಸೆಲ್ಸಿಯಸ್ ಅನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಾಕದ ಕುದಿಬಿಂದುವೂ ಅಷ್ಟೇ ಇಳಿಯುತ್ತದೆ. ಪುಸ್ತಕದ ಅಂಕಿಯನ್ನೇ ನಂಬಿ ಥರ್ಮಾಮೀಟರ್ ಹಿಡಿದು ಕೂತವರ ಪಾಕ ಏರುವುದು ಖಂಡಿತ. ಬೆರಳಿಗೆ ಆ ತೊಂದರೆಯಿಲ್ಲ. ಅದು ಅಳೆಯುವುದು ಕುದಿಯ ತಾಪವನ್ನಲ್ಲ, ಸಕ್ಕರೆಯ ಸಾಂದ್ರತೆ ತರುವ ಅಂಟನ್ನು. ಹಾಗಾಗಿ ಎಳೆ ಪಾಕ ಕರಾವಳಿಯಲ್ಲೂ ಮಡಿಕೇರಿಯಲ್ಲೂ ಎಳೆ ಪಾಕವೇ.

ಪಾಕ ಸಕ್ಕರೆಗಟ್ಟುವುದಕ್ಕೂ ಕಾರಣವಿದೆ. ಪಾತ್ರೆಯ ಅಂಚಿಗೆ ಅಂಟಿದ ಒಂದು ಹರಳು ಒಳಗೆ ಬಿದ್ದರೂ ಅದರ ಸುತ್ತ ಉಳಿದ ಅಣುಗಳು ಸಾಲುಗಟ್ಟುತ್ತವೆ. ನಾಲ್ಕು ಹನಿ ನಿಂಬೆರಸ ಹಾಕಿ ಕುದಿಸಿದರೆ ಸುಕ್ರೋಸ್‌ನ, ಅಂದರೆ ನಮ್ಮ ಸಕ್ಕರೆಯ, ಒಂದಿಷ್ಟು ಭಾಗ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ಈ ಸಾಲಿಗೆ ಅಡ್ಡ ನಿಲ್ಲುತ್ತದೆ. ಬೆಲ್ಲದಲ್ಲಿ ಇವೆರಡೂ ಮೊದಲೇ ಇರುವುದರಿಂದ ಬೆಲ್ಲದ ಪಾಕ ಅಷ್ಟು ಸುಲಭವಾಗಿ ಹರಳುಗಟ್ಟುವುದಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮಾತ್ರ ಹರಳೇ ಬೇಕು. ಅದಕ್ಕೇ ಆ ಪಾಕವನ್ನು ಬಿಡದೆ ಕೈಯಾಡಿಸಿ, ಮಂಕಾಗುತ್ತಿದ್ದಂತೆ ಮರದ ಅಚ್ಚಿಗೆ ಹುಯ್ಯುತ್ತಾರೆ.

ಏರಿದ ಪಾಕವನ್ನು ಚೆಲ್ಲುವ ಮನೆಗಳು ಬೇಕಾದಷ್ಟಿವೆ. ಬಣ್ಣ ತಿರುಗಿ ಸೀಯದಿದ್ದರೆ ಚೆಲ್ಲಬೇಕಿಲ್ಲ. ಅರ್ಧ ಲೋಟ ಬಿಸಿನೀರು ಸೇರಿಸಿ, ಪೂರ್ತಿ ಕರಗಿಸಿ, ಮತ್ತೆ ಕುದಿಸಿದರೆ ಎಳೆ ತಿರುಗಿ ಬರುತ್ತದೆ. ಹೋದದ್ದು ನೀರು ಮಾತ್ರ, ಸಕ್ಕರೆ ಅಲ್ಲೇ ಇದೆ.