ಸದ್ದು ನಿಲ್ಲಿಸಿ ನೋಡಿದ ನಾಲ್ಕನೆಯ ಡೈ ಹಾರ್ಡ್

ಸಾಹಸ ಚಿತ್ರದ ರಫ್ ಕಟ್, ಅಂದರೆ ಒರಟಾಗಿ ಜೋಡಿಸಿದ ಮೊದಲ ರೂಪ, ಕೈಗೆ ಬಂದರೆ ಸಂಕಲನಕಾರನಾಗಿ ನಾನು ಮೊದಲು ಮಾಡುವ ಕೆಲಸ ಸದ್ದನ್ನು ಪೂರ್ತಿ ನಿಲ್ಲಿಸುವುದು. ಹಿನ್ನೆಲೆ ಸಂಗೀತ ಬಹಳ ಮೋಸಗಾರ. ನಗಾರಿ ಬಾರಿಸಿಬಿಟ್ಟರೆ ಬರಿಯ ಬಯಲಲ್ಲೂ ಯುದ್ಧ ನಡೆಯುತ್ತಿದೆ ಅನ್ನಿಸುತ್ತದೆ. ಸದ್ದಿಲ್ಲದಿದ್ದಾಗ ಉಳಿಯುವುದು ಇಷ್ಟೇ: ಯಾರು ಎಲ್ಲಿದ್ದಾರೆ, ಏಟು ಎಲ್ಲಿಂದ ಬಂತು, ಯಾರಿಗೆ ಬಿತ್ತು, ಬಿದ್ದವನಿಗೆ ನೋವಾಯಿತೇ. ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ಮೂರಕ್ಕೆ ಸಿಕ್ಕರೂ ಪ್ರಯೋಜನವಿಲ್ಲ.

ದಾವಣಗೆರೆಯ ಪ್ರೇಕ್ಷಕರಿಗೆ ಈ ಪರೀಕ್ಷೆ ಹೊಸದೇನಲ್ಲ. ಇಂಗ್ಲಿಷ್ ಚಿತ್ರಗಳು ಬೆಳಗಿನ ಆಟಕ್ಕೆ ಬರುತ್ತಿದ್ದ ಕಾಲದಲ್ಲಿ ಟಾಕೀಸಿನ ಒಳಗಿದ್ದವರಲ್ಲಿ ಪರದೆಯ ಮೇಲಿನ ಮಾತು ಅರ್ಥವಾಗುತ್ತಿದ್ದವರು ಬೆರಳೆಣಿಕೆಯ ಮಂದಿ. ಮಿಕ್ಕವರು ಕಣ್ಣಿನಿಂದಲೇ ಕತೆ ಹಿಡಿಯಬೇಕಿತ್ತು, ಹಿಡಿಯುತ್ತಲೂ ಇದ್ದರು. ರೀಲು ಬದಲಿಸುತ್ತಲೇ ಆಯುಷ್ಯ ಕಳೆದ ಹಿರಿಯ ಆಪರೇಟರ್ ಒಬ್ಬರು ನನಗೆ ಹೇಳುತ್ತಿದ್ದರು: “ತಮ್ಮಾ, ಜನ ಸೀಟಿ ಹೊಡೆದದ್ದನ್ನು ಲೆಕ್ಕಕ್ಕೆ ಇಡಬೇಡ. ಸೀಟಿಯನ್ನು ಹೀರೋ ಮುಖಕ್ಕೂ ಹೊಡೆಯುತ್ತಾರೆ. ಕೆಮ್ಮುವುದನ್ನು ಯಾವಾಗ ನಿಲ್ಲಿಸಿದರು ಎಂದು ನೋಡು.” ಸಂಕಲನದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಮಾತನ್ನು ನಾನು ಯಾವ ತರಗತಿಯಲ್ಲೂ ಕೇಳಿಲ್ಲ.

ಬಹಳ ವರ್ಷ ಬಿಟ್ಟು ತೆಗೆದ ಮುಂದಿನ ಭಾಗ ಮೊದಲ ಚಿತ್ರಕ್ಕೆ ಸಾಟಿಯಾಗುತ್ತದೆಯೇ ಎಂದು ಕೇಳಿದವರಿಗೆ ನಾನು ಇದೇ ಪರೀಕ್ಷೆಯನ್ನು ಹೇಳುತ್ತೇನೆ. ಶಸ್ತ್ರಧಾರಿಗಳು ಹಿಡಿದಿಟ್ಟ ಕಟ್ಟಡದಲ್ಲಿ ಪೊಲೀಸನೊಬ್ಬ ಒಂಟಿಯಾಗಿ ಸಿಕ್ಕಿಕೊಳ್ಳುವ 1988ರ ‘ಡೈ ಹಾರ್ಡ್’ ಮತ್ತು 2007ರಲ್ಲಿ ಬಂದ ಅದರ ನಾಲ್ಕನೆಯ ಕಂತನ್ನು ಅಕ್ಕಪಕ್ಕ ಇಟ್ಟು ನೋಡಿ. ಮೂರನೆಯದು 1995ರಲ್ಲಿ ಬಂದಿತ್ತು. ಅಲ್ಲಿಂದ ಹನ್ನೆರಡು ವರ್ಷ ಸರಣಿ ಮಲಗಿತ್ತು. ಮೊದಲ ಚಿತ್ರದಲ್ಲಿ ಮೂವತ್ತಮೂರರ ನಾಯಕ ನಟ ಬ್ರೂಸ್ ವಿಲ್ಲಿಸ್ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಐವತ್ತೆರಡು ದಾಟಿದ್ದರು; ತಲೆಯ ಮೇಲೆ ಕೂದಲಿರಲಿಲ್ಲ. ಅದು ಕೊರತೆಯಲ್ಲ, ನಿರ್ದೇಶಕನಿಗೆ ಸಿಕ್ಕ ಬಂಡವಾಳ.

ಮೊದಲ ಚಿತ್ರವನ್ನು ಸದ್ದಿಲ್ಲದೆ ನೋಡುವಾಗ ಕಣ್ಣಿಗೆ ಕಟ್ಟುವುದು ನಾಯಕನ ಪಾದ. ವಿಮಾನ ಪ್ರಯಾಣದ ಆಯಾಸ ಕಳೆಯಲು ಬೂಟು, ಕಾಲುಚೀಲ ಬಿಚ್ಚಿ ಜಮಖಾನದ ಮೇಲೆ ಬೆರಳು ಮಡಚುತ್ತಾ ನಿಂತಿರುವಾಗ ಗುಂಡಿನ ದಾಳಿ ಶುರುವಾಗುತ್ತದೆ. ಅವನು ಬರಿಗಾಲಲ್ಲೇ ಓಡುತ್ತಾನೆ. ಮೊದಲ ಶತ್ರು ಸತ್ತಾಗ ಅವನ ಬೂಟನ್ನು ಹಾಕಿಕೊಳ್ಳಲು ನೋಡುತ್ತಾನೆ, ಅದು ಚಿಕ್ಕದು. ಮುಂದೆ ಖಳನಾಯಕ ಒತ್ತೆಯಾಳಿನ ವೇಷ ಕಟ್ಟಿ ಎದುರು ಬಂದಾಗ ಅವನ ಕಣ್ಣು ಆ ಬರಿಗಾಲಿನ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಸಣ್ಣ ನೋಟ ಅದು. ಬಿಟ್ಟರೂ ಕತೆ ಓಡುತ್ತಿತ್ತು. ಆದರೆ ಆ ನೋಟ ಇರುವುದರಿಂದಲೇ, ಸ್ವಲ್ಪ ಹೊತ್ತಿನಲ್ಲಿ ಖಳ ತನ್ನವರಿಗೆ ಗಾಜಿಗೆ ಗುಂಡು ಹೊಡೆಯಲು ಹೇಳಿದಾಗ ಯಾಕೆಂದು ನಮಗೆ ಮಾತಿಲ್ಲದೆ ಗೊತ್ತಾಗುತ್ತದೆ. ಆಮೇಲೆ ಬಚ್ಚಲುಮನೆಯ ದೃಶ್ಯ. ರಕ್ತದ ಗೆರೆ ಎಳೆಯುತ್ತಾ ಬಂದವನು ಕೂತು ಪಾದದಿಂದ ಗಾಜಿನ ಚೂರು ಕೀಳುತ್ತಾನೆ. ವೈರ್‌ಲೆಸ್‌ನಲ್ಲಿ ಹೊರಗಿರುವ ಪೊಲೀಸನಿಗೆ, ತಾನು ಉಳಿಯದಿದ್ದರೆ ಹೆಂಡತಿಯ ಕ್ಷಮೆ ಕೇಳಬೇಕೆಂದು ಹೇಳುತ್ತಿರುತ್ತಾನೆ. ಮಾತು ಕೇಳದಿದ್ದರೂ ಮುಖ ಎಲ್ಲವನ್ನೂ ಹೇಳುತ್ತದೆ. ಸಂಕಲನಕಾರರಾದ ಫ್ರಾಂಕ್ ಯೂರಿಯೋಸ್ಟ್ ಮತ್ತು ಜಾನ್ ಲಿಂಕ್ ಅವರ ಹೆಸರು ಆಸ್ಕರ್ ನಾಮನಿರ್ದೇಶನಕ್ಕೆ ಹೋದದ್ದು ಸ್ಫೋಟಗಳಿಗಾಗಿ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಈಗ ನಾಲ್ಕನೆಯದು. ಕಂಪ್ಯೂಟರ್ ದಾಳಿಯಿಂದ ಅಮೆರಿಕದ ಸಂಚಾರ ದೀಪ, ವಿದ್ಯುತ್ತು, ಅನಿಲ ಎಲ್ಲವನ್ನೂ ಕೆಡಿಸುವ ತಂಡ ಒಂದು ಕಡೆ, ಹಳೆಯ ಪೊಲೀಸ್ ಮತ್ತು ಹುಡುಗು ಹ್ಯಾಕರ್ ಇನ್ನೊಂದು ಕಡೆ. ಸದ್ದು ನಿಲ್ಲಿಸಿದ ಕೂಡಲೇ ಚಿತ್ರದ ಅರ್ಧದಷ್ಟು ಭಾಗ ಕೀಲಿಮಣೆ ಕುಟ್ಟುವ ಬೆರಳುಗಳಾಗಿ, ನೀಲಿ ಪರದೆಗಳಾಗಿ ಉಳಿಯುತ್ತದೆ. ಅಪಾಯ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಮೊದಲ ಚಿತ್ರಕ್ಕೆ ಒಂದು ಕಟ್ಟಡವಿತ್ತು, ಅದಕ್ಕೊಂದು ಲಿಫ್ಟಿನ ಬಾವಿ, ಗಾಳಿಯ ಕೊಳವೆ, ತಾರಸಿ. ಅರ್ಧ ಚಿತ್ರ ಕಳೆಯುವಷ್ಟರಲ್ಲಿ ನಾವೇ ಅದರ ಕಾವಲುಗಾರರಾಗಿಬಿಡುತ್ತೇವೆ. ಇಲ್ಲಿ ಹಲವು ಊರುಗಳಿವೆ, ಒಂದರ ನಕ್ಷೆಯೂ ಮನಸ್ಸಿಗೆ ಬರುವುದಿಲ್ಲ.

ನನ್ನ ಮುಖ್ಯ ತಕರಾರು ಹೆದ್ದಾರಿಯ ದೃಶ್ಯದ್ದು. ಯುದ್ಧವಿಮಾನ ಲಾರಿಯನ್ನು ಅಟ್ಟಿಸಿಕೊಂಡು ಬರುತ್ತದೆ, ಮೇಲುಸೇತುವೆ ಕುಸಿಯುತ್ತದೆ, ನಾಯಕ ವಿಮಾನದ ಮೇಲೆ ಬಿದ್ದು, ಅಲ್ಲಿಂದ ಕಾಂಕ್ರೀಟಿನ ಇಳಿಜಾರಿನಲ್ಲಿ ಜಾರಿ, ಎದ್ದು ನಿಲ್ಲುತ್ತಾನೆ. ಕಟ್‌ಗಳು ಸರಿಯಾಗಿಯೇ ಇವೆ. ಯಾರು ಎಲ್ಲಿದ್ದಾರೆ ಎಂಬುದು ಗೊಂದಲವಿಲ್ಲದೆ ಕಾಣುತ್ತದೆ. ಆದರೆ ನೋವಾಯಿತೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಗಾಜಿನ ಚೂರಿಗೆ ಕುಂಟಿದವನು ಇಷ್ಟು ಎತ್ತರದಿಂದ ಬಿದ್ದು ಧೂಳು ಕೊಡವಿಕೊಂಡರೆ, ಮುಂದಿನ ಗುಂಡೇಟಿಗೆ ಪ್ರೇಕ್ಷಕ ಯಾಕೆ ಹೆದರಬೇಕು? ಮೊದಲ ಚಿತ್ರಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ಕಟ್ಟುನಿಟ್ಟಿನ ‘ಆರ್’ ದರ್ಜೆ. ಇದನ್ನು ಹದಿಹರೆಯದವರಿಗೂ ತಲುಪಿಸಬೇಕೆಂದು ‘ಪಿಜಿ-13’ ದರ್ಜೆಗೆ ಒಗ್ಗಿಸಿದರು. ರಕ್ತ ಕಡಿಮೆಯಾಯಿತು, ನಾಯಕನ ಹೆಸರಾಂತ ಬೈಗುಳ ಗುಂಡಿನ ಸದ್ದಿನಲ್ಲಿ ಮುಳುಗಿತು. ಬೈಗುಳಕ್ಕೆ ನಾನು ಅಳುವುದಿಲ್ಲ. ಗಾಯವೇ ಕತೆಯಾಗಿದ್ದ ಸರಣಿಯಲ್ಲಿ ಗಾಯವನ್ನೇ ತೊಳೆದುಬಿಟ್ಟರೆ ಉಳಿಯುವುದೇನು?

ಚಿತ್ರದುರ್ಗದ ಕೋಟೆಯಲ್ಲಿ, ಕೋತಿರಾಜ ಎಂದೇ ಹೆಸರಾದ ಜ್ಯೋತಿರಾಜ್ ಅವರು ಹಗ್ಗವಿಲ್ಲದೆ ಗೋಡೆ ಹತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಹತ್ತುವಿಕೆಯ ತುಣುಕೊಂದನ್ನು ವಿದ್ಯಾರ್ಥಿಗಳಿಗೆ ನಾನು ಎರಡು ರೀತಿಯಲ್ಲಿ ತೋರಿಸುತ್ತೇನೆ. ಒಂದರಲ್ಲಿ ಕಟ್ ಇಲ್ಲ: ಕೆಳಗಿನ ನೆಲವೂ ಮೇಲಿನ ಅಂಚೂ ಒಂದೇ ಚೌಕಟ್ಟಿನಲ್ಲಿ, ನಡುವೆ ಮನುಷ್ಯ. ಇನ್ನೊಂದರಲ್ಲಿ ಬೆರಳಿನ ಕ್ಲೋಸಪ್, ಹಿಮ್ಮಡಿ, ಬೆವರಿದ ಮುಖ, ಮತ್ತೆ ಬೆರಳು, ಕೊನೆಗೆ ಅಂಚು. ಎರಡನೆಯದು ಮುಗಿದಾಗ ಯಾರಾದರೊಬ್ಬರು “ಇದರಲ್ಲಿ ಡ್ಯೂಪ್ ಎಲ್ಲಿದ್ದಾರೆ ಸರ್?” ಎಂದು ಕೇಳಿಯೇ ಕೇಳುತ್ತಾರೆ. ಮನುಷ್ಯ ಅವರೇ, ಗೋಡೆ ಅದೇ.

ಹಾಗೆಂದು ಕಟ್ ಹೆಚ್ಚಾದರೆ ಚಿತ್ರ ಕೆಟ್ಟಿತು ಎನ್ನುವ ಹಳಬರ ಗೊಣಗಾಟಕ್ಕೆ ನನ್ನ ಸಹಿ ಇಲ್ಲ. 1985ರ ನಂತರ ಮೂವತ್ತು ವರ್ಷ ಕಾದು ಬಂದ ಮ್ಯಾಡ್ ಮ್ಯಾಕ್ಸ್ ಚಿತ್ರ ‘ಫ್ಯೂರಿ ರೋಡ್’ನಲ್ಲಿ ಎರಡು ಗಂಟೆಗೆ ಸುಮಾರು 2700 ಕಟ್‌ಗಳಿವೆ; ಸರಾಸರಿ ಒಂದು ಶಾಟಿಗೆ ಮೂರು ಸೆಕೆಂಡೂ ಇಲ್ಲ. ಆದರೂ ಕಣ್ಣು ದಾರಿ ತಪ್ಪುವುದಿಲ್ಲ. ನೋಡಬೇಕಾದದ್ದನ್ನು ಪ್ರತಿ ಶಾಟಿನಲ್ಲೂ ಚೌಕಟ್ಟಿನ ನಡುಮಧ್ಯದಲ್ಲೇ ಇಟ್ಟಿದ್ದಾರೆ. ಶಾಟ್ ಬದಲಾದರೂ ಕಣ್ಣು ಹುಡುಕಾಡಬೇಕಿಲ್ಲ. ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅದಕ್ಕೆ ಮೊದಲು ಸಾಹಸ ಚಿತ್ರ ಕತ್ತರಿಸಿದವರಲ್ಲ. ಉಳಿದ ಸಾಹಸ ಚಿತ್ರಗಳಂತೆ ಕಾಣಬಾರದು ಎಂಬ ಕಾರಣಕ್ಕೇ ನಿರ್ದೇಶಕ, ಅವರ ಪತಿ ಜಾರ್ಜ್ ಮಿಲ್ಲರ್ ಈ ಕೆಲಸ ಒಪ್ಪಿಸಿದರು, ಆಸ್ಕರ್ ಬಂತು. ನಾಯಕನ ಪಾತ್ರಕ್ಕೆ ಮೆಲ್ ಗಿಬ್ಸನ್ ಬದಲು ಟಾಮ್ ಹಾರ್ಡಿ ಬಂದರೂ ಯಾರಿಗೂ ಕೊರತೆ ಅನ್ನಿಸಲಿಲ್ಲ. ಇದೊಂದು ಮಾತ್ರ ಮೊದಲನೆಯದನ್ನು ಮೀರಿಸಿತು ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

1986ರ ‘ಟಾಪ್ ಗನ್’ಗೆ 2022ರಲ್ಲಿ ಬಂದ ಮುಂದಿನ ಭಾಗವೂ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಬೇರೆ ದಾರಿಯಿಂದ. ನಟರನ್ನು ನೌಕಾಪಡೆಯ ಯುದ್ಧವಿಮಾನಗಳ ಹಿಂದಿನ ಆಸನದಲ್ಲಿ ಕೂರಿಸಿ, ಕಾಕ್‌ಪಿಟ್ಟಿನೊಳಗೆ ಆರು ಕ್ಯಾಮೆರಾ ಜೋಡಿಸಿ, ವಿಮಾನವನ್ನು ನಿಜವಾಗಿಯೇ ತಿರುಗಿಸಿದರು. ಕೆನ್ನೆ ಕೆಳಗೆ ಜಗ್ಗುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಇಂಥದ್ದನ್ನು ಮೇಕಪ್ಪಿನವರು ಮಾಡಲಾರರು. ಆದರೆ ಸದ್ದಿಲ್ಲದೆ ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಕಾಶದ ದೃಶ್ಯವಲ್ಲ. ಗಂಟಲಿನ ಕ್ಯಾನ್ಸರಿನಿಂದ ದನಿ ಕಳೆದುಕೊಂಡಿದ್ದ ವ್ಯಾಲ್ ಕಿಲ್ಮರ್ ಹಳೆಯ ಪಾತ್ರದಲ್ಲೇ ಬಂದು, ಹೇಳಬೇಕಾದದ್ದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುತ್ತಾರೆ. ಟಾಮ್ ಕ್ರೂಸ್ ಓದುತ್ತಾ ನಿಲ್ಲುತ್ತಾರೆ. ಮೂವತ್ತಾರು ವರ್ಷ ಕಳೆದಿವೆ ಎಂದು ಚಿತ್ರ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ 28 ವರ್ಷದ ನಂತರ 2024ರಲ್ಲಿ ಬಂದ ‘ಇಂಡಿಯನ್ 2’ ಇದೆ. ಅದರ ನಾಯಕ ಲೆಕ್ಕ ಹಾಕಿದರೆ ನೂರು ದಾಟಿದ ಮುದುಕ. ಆದರೆ ಅವನ ಮೈಗೆ ಏನೂ ತಾಗುವುದಿಲ್ಲ, ವಯಸ್ಸೂ ಕೂಡ. ಬಿಡುಗಡೆಯಾದ ಮೇಲೆ ಸುಮಾರು ಹನ್ನೆರಡು ನಿಮಿಷ ಕತ್ತರಿಸಿದರು. ಥಿಯೇಟರಿಗೆ ಹೋದ ಮೇಲೆ ಕತ್ತರಿ ಕೇಳುವ ಚಿತ್ರವನ್ನು ಕತ್ತರಿ ಉಳಿಸಿದ್ದನ್ನು ನಾನು ಕಂಡಿಲ್ಲ. ಕನ್ನಡದಲ್ಲಿ ಸಿ.ಐ.ಡಿ. 999 ಸರಣಿ 1969ರಲ್ಲಿ ನಿಂತು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಆಗಿ ಮರಳಿ ಬಂತು. ಕಪ್ಪುಬಿಳುಪಿನ ಗೂಢಚಾರ ಬಣ್ಣಕ್ಕೆ ಬಂದ, ಐವತ್ತರ ಹತ್ತಿರವಿದ್ದ ರಾಜ್‌ಕುಮಾರ್ ಸಲೀಸಾಗಿ ನಡೆದು ಬಂದರು. ಅಂತರ ಒಂಬತ್ತೇ ವರ್ಷವಾದ್ದರಿಂದ ಇದನ್ನು ಈ ತೂಕಕ್ಕೆ ಹಾಕುವುದು ನ್ಯಾಯವಲ್ಲ.

ನಾಲ್ಕನೆಯ ಡೈ ಹಾರ್ಡಿಗೂ ನ್ಯಾಯ ಸಲ್ಲಬೇಕು. ನನ್ನ ಪರೀಕ್ಷೆ ಸೋಲುವ ದೃಶ್ಯವೊಂದು ಅದರಲ್ಲಿದೆ. ಹೀರೋ ಆದರೆ ಏನು ಸಿಗುತ್ತದೆ ಎಂದು ಕಾರಿನಲ್ಲಿ ಕೂತ ನಾಯಕ ಹುಡುಗನಿಗೆ ಹೇಳುತ್ತಾನೆ: ಬೆನ್ನು ತಟ್ಟುತ್ತಾರೆ, ಹೆಂಡತಿ ಬಿಟ್ಟುಹೋಗುತ್ತಾಳೆ, ಮಕ್ಕಳು ಮಾತಾಡಿಸುವುದಿಲ್ಲ, ಊಟ ಒಬ್ಬನೇ ಮಾಡುತ್ತೀಯ. ಸದ್ದು ನಿಲ್ಲಿಸಿದರೆ ಇದು ಕಾರಿನಲ್ಲಿ ಕೂತ ಇಬ್ಬರ ಹರಟೆಯಷ್ಟೇ. ಸದ್ದು ಹಾಕಿದರೆ ಹತ್ತೊಂಬತ್ತು ವರ್ಷ ಅಲ್ಲಿ ಬಂದು ಕೂರುತ್ತದೆ. ಕೊನೆಯಲ್ಲಿ ಖಳ ಹಿಂದಿನಿಂದ ಹಿಡಿದು ಭುಜದ ಗಾಯಕ್ಕೆ ಪಿಸ್ತೂಲು ಒತ್ತಿದಾಗ, ನಾಯಕ ತನ್ನ ಭುಜದ ಮೂಲಕವೇ ಗುಂಡು ಹಾರಿಸಿ ಅವನನ್ನು ಕೊಲ್ಲುತ್ತಾನೆ. ಗಾಜಿನ ಚೂರು ಕಿತ್ತವನ ಲೆಕ್ಕಾಚಾರ ಅದು: ಗೆಲುವು ಬೇಕಿದ್ದರೆ ಮೈ ಕೊಡಬೇಕು. ನಡುವಿನ ಒಂದೂವರೆ ಗಂಟೆ ಮರೆತದ್ದನ್ನು ಚಿತ್ರ ಕೊನೆಯ ನಿಮಿಷಗಳಲ್ಲಿ ನೆನಪಿಸಿಕೊಳ್ಳುತ್ತದೆ.

ಹಾಗಾಗಿ ಸಾಟಿಯಲ್ಲ, ಆದರೆ ನೋಡಿಸಿಕೊಳ್ಳುತ್ತದೆ. ಎರಡನ್ನೂ ನೋಡದವರು ನಾಲ್ಕನೆಯದನ್ನು ಮೊದಲು ನೋಡಿ, ಆಮೇಲೆ 1988ಕ್ಕೆ ಹೋಗುವುದು ಒಳ್ಳೆಯದು. ಹೋಲಿಕೆಯ ಕಾಟವಿಲ್ಲದೆ ಎರಡೂ ರುಚಿಸುತ್ತವೆ. 2013ರಲ್ಲಿ ಬಂದ, ತಂದೆ ಮಗನಿಗಾಗಿ ಮಾಸ್ಕೋಗೆ ಹೋಗುವ ಐದನೆಯ ಭಾಗಕ್ಕೆ ಸದ್ದಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.